ಅಣ್ಣನ ಫ್ರಾನ್ಸ್ ನಾಯಿ ತಿಕೋಟಾದ ದ್ರಾಕ್ಷಿ ಪಡಕ್ಕೆ ಬರುತ್ತಿದೆ, ಹೇಗೆ ಸಾಕುವುದು?

ಪಡದಮನಿ_ತಿಕೋಟಾ:

ನಮಸ್ಕಾರ ರೀ ಎಲ್ಲರಿಗೂ. ನಾಯಿ ಸಾಕಿ ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ.

ನಮ್ಮ ಅಣ್ಣ, ವೈನಿ ಫ್ರಾನ್ಸಿನ ತುಲೂಸ್‌ನಲ್ಲಿದ್ದರು. ವಿಮಾನದ ಬಿಡಿಭಾಗದ ಕೆಲಸ. ಈಗ ಬೆಂಗಳೂರಿಗೆ ವಾಪಸ್ ಬಂದಿದ್ದಾರೆ, ಅಲ್ಲಿ ಸಾಕಿದ ನಾಯಿಯೂ ಜೊತೆಗೆ ಬಂದಿದೆ. ಜಾತಿ ಬಾಸೆ ಬ್ಲೂ ದ ಗಾಸ್ಕೋನ್. ಹೆಸರು ಉಲಿಸ್. ಆಯಿ ವಿಡಿಯೋ ಕಾಲ್‌ನಲ್ಲಿ ನೋಡಿ 'ಉಳ್ಳಾಗಡ್ಡಿ' ಅಂದುಬಿಟ್ಟರು. ಈಗ ಮನೆಯಲ್ಲಿ ಎಲ್ಲರಿಗೂ ಅದು ಉಳ್ಳಾಗಡ್ಡಿಯೇ.

ಫ್ಲ್ಯಾಟ್‌ನಲ್ಲಿ ಅಕ್ಕಪಕ್ಕದವರ ತಕರಾರು ಜಾಸ್ತಿಯಾಗಿದೆ. ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಅದು ಊಳಿಡುತ್ತದಂತೆ, ಕೆಳಗಿನ ಗೇಟಿನವರೆಗೂ ಕೇಳುತ್ತದಂತೆ. ಹಾಗಾಗಿ ಮುಂದಿನ ತಿಂಗಳು ತಿಕೋಟಾದ ನಮ್ಮ ತೋಟದ ಮನೆಗೆ ಕಳಿಸುತ್ತಿದ್ದಾರೆ. ಇನ್ನು ನೋಡಿಕೊಳ್ಳುವುದು ನಾನು, ಅಪ್ಪಾಜಿ, ಅವ್ವ.

ನಮಗೆ ಗೊತ್ತಿರುವುದು ಮುಧೋಳ ನಾಯಿ, ಇಲ್ಲವೇ ಊರ ನಾಯಿ. ಇದು ನೋಡಿದರೆ ಗಿಡ್ಡ ಕಾಲು, ಉದ್ದ ಮೈ, ನೆಲಕ್ಕೆ ತಾಗುವಂಥ ಕಿವಿ. ನಮ್ಮ ಬೇಸಿಗೆ ತಡೆಯುತ್ತದಾ? ರೊಟ್ಟಿ ಹಾಲು ಹಾಕಿದರೆ ನಡೆಯುತ್ತದಾ? ಅಪ್ಪಾಜಿ ಅಂತೂ 'ಪಡಕ್ಕೆ ಕಾವಲಾಯಿತು, ಬಿಟ್ಟುಬಿಡೋಣ, ತಿರುಗಾಡಿಕೊಂಡು ಇರಲಿ' ಅನ್ನುತ್ತಿದ್ದಾರೆ. ವೈನಿ ಫೋನಿನಲ್ಲಿ ಅದನ್ನು ಕೇಳಿ ಗಾಬರಿಯಾದರು. ಯಾಕೆ ಅಂತ ನನಗೂ ಸರಿಯಾಗಿ ಅರ್ಥವಾಗಲಿಲ್ಲ.

ಕರವಾನಿ_ಲೋಕಾಪುರ:

ಮಗ್ಗುಲಲ್ಲೇ ಮುಧೋಳ ಇಟ್ಟುಕೊಂಡು ಫ್ರಾನ್ಸಿನಿಂದ ನಾಯಿ ತಂದರಾ? ಸುಮ್ನೆ ತಮಾಷೆಗೆ ಅಂದೆ, ಬೇಜಾರಾಗಬೇಡಿ. ಆದರೆ ನಮ್ಮ ನಾಯಿಗೆ 2005ರಲ್ಲೇ ಅಂಚೆ ಚೀಟಿ ಬಂದಿದೆ, ಸೇನೆಯವರೂ ಮರಿ ಒಯ್ದು ತರಬೇತಿ ಕೊಟ್ಟಿದ್ದಾರೆ. ಅಷ್ಟು ಹೇಳದಿದ್ದರೆ ನನಗೆ ಸಮಾಧಾನ ಇರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಾವು ಮನೆತನದಿಂದ ಕರವಾನಿ, ಅಂದರೆ ಮುಧೋಳ ನಾಯಿ, ಸಾಕುವವರು. ನಮ್ಮದು ಕಣ್ಣಿನ ನಾಯಿ. ಮೊಲ ಕಣ್ಣಿಗೆ ಬಿದ್ದರೆ ಓಡುತ್ತದೆ, ಮರೆಯಾದರೆ ನಿಂತು ತಲೆ ಎತ್ತಿ ಸುತ್ತ ನೋಡುತ್ತದೆ. ಆಗ ಕೂಗಿದರೆ ತಿರುಗಿ ಬರುವ ಸಾಧ್ಯತೆ ಇದೆ. ನೀವು ಹೇಳಿದ್ದು ವಾಸನೆ ಹಿಡಿಯುವ ನಾಯಿ. ಅದರ ಲೆಕ್ಕವೇ ಬೇರೆ. ಮುಧೋಳಕ್ಕೆ ಮಾಡಿದ ಹಾಗೆ ಇದಕ್ಕೂ ಮಾಡಲು ಹೋಗಬೇಡಿ. ಇಂಥ ನಾಯಿಯನ್ನು ಹತ್ತಿರದಿಂದ ಕಂಡವರು ಯಾರಾದರೂ ಮುಂದೆ ಹೇಳಲಿ.

ಟಿಳಕವಾಡಿ_ಅಕ್ಕ:

ಕಂಡವಳು ನಾನಿದ್ದೇನೆ. ಬೆಳಗಾವಿಯಲ್ಲಿ ಈ ಜಾತಿಯ ಹೆಸರು ಹೇಳಿದರೆ ಎಲ್ಲರೂ 'ಬೀಗಲ್ ಅಲ್ವಾ' ಅನ್ನುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಂಡು ಓದಿ.

ನಾವಿದ್ದದ್ದು ತುಲೂಸ್‌ನಿಂದ ಪಶ್ಚಿಮಕ್ಕೆ, ಓಶ್ ಅನ್ನುವ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅದೇ ಗಾಸ್ಕೋನ್ ಸೀಮೆ, ಈ ನಾಯಿಯ ತವರು. ಪಕ್ಕದ ಮನೆಯ ಅಜ್ಜ ಬೇಟೆಗಾರ. ಅವರ ಹಿಂಡಿನಿಂದಲೇ ನಮ್ಮ ರೋಜ್ ಬಂದದ್ದು. ಈಗ ಟಿಳಕವಾಡಿಯಲ್ಲಿ ನಮ್ಮ ಜೊತೆಗಿದ್ದಾಳೆ. ಅಂದಹಾಗೆ, ನಿಮ್ಮ ಉಲಿಸ್ 2023ರಲ್ಲಿ ಹುಟ್ಟಿದವನು ಇರಬೇಕು. ಫ್ರಾನ್ಸಿನಲ್ಲಿ ವಂಶಾವಳಿ ಇರುವ ನಾಯಿಗೆ ಆಯಾ ವರ್ಷದ ಅಕ್ಷರದಿಂದ ಹೆಸರಿಡುವ ಪದ್ಧತಿ. 2023ಕ್ಕೆ ಯು, 2024ಕ್ಕೆ ವಿ. ರೋಜ್ 2020ರವಳು, ಆ ವರ್ಷ ಆರ್. ಅಣ್ಣನನ್ನು ಕೇಳಿ ನೋಡಿ.

ಗಾಸ್ಕೋನಿನ ನೀಲಿ ನಾಯಿಗಳಲ್ಲಿ ನಾಲ್ಕು ಬಗೆ. ದೊಡ್ಡದು, ಸಣ್ಣದು, ಒರಟು ಕೂದಲಿನದು, ಆಮೇಲೆ ಈ ಗಿಡ್ಡದು. ದೊಡ್ಡದು ಭುಜದ ಹತ್ತಿರ 65ರಿಂದ 70 ಸೆಂಟಿಮೀಟರ್ ಎತ್ತರ. ನಿಮ್ಮ ಮನೆಗೆ ಬರುವುದು 34ರಿಂದ 38 ಅಷ್ಟೇ. ಕುದುರೆ ಇಲ್ಲದ ಬೇಟೆಗಾರ ನಡೆದುಕೊಂಡೇ ಹಿಂದೆ ಹೋಗಬೇಕಲ್ಲ, ಅದಕ್ಕೆ ಗಿಡ್ಡ ಕಾಲು. ನೀಲಿ ಅಂದರೆ ನಿಜವಾದ ನೀಲಿ ಅಲ್ಲ. ಬಿಳಿ ಮೈಮೇಲೆ ದಟ್ಟವಾಗಿ ಕಪ್ಪು ಚುಕ್ಕೆ. ದೂರದಿಂದ ಸ್ಲೇಟಿನ ಬಣ್ಣ ಕಾಣುತ್ತದೆ. ಕಣ್ಣಿನ ಮೇಲೆ ಎರಡು ಕಂದು ಬೊಟ್ಟು ಇರುತ್ತವೆ, ಮನೆಗೆ ಬಂದವರೆಲ್ಲ ಮೊದಲು ನೋಡುವುದು ಅವನ್ನೇ. ಈ ಗಿಡ್ಡ ಬಗೆ ಒಂದು ಕಾಲಕ್ಕೆ ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. ಕಳೆದ ಶತಮಾನದಲ್ಲಿ ಅಲಾಂ ಬೂರ್ಬೋಂ ಅನ್ನುವವರು ಹಿಡಿದು ಉಳಿಸಿದರು. ಈಗಲೂ ಫ್ರಾನ್ಸಿನಿಂದ ಹೊರಗೆ ಕಾಣುವುದು ಅಪರೂಪ.

ಇಷ್ಟು ಸಾಕು ಇತಿಹಾಸ. ನಿಮ್ಮ ವೈನಿ ಯಾಕೆ ಗಾಬರಿಯಾದರು ಅಂತ ಹೇಳುತ್ತೇನೆ.

ಕರವಾನಿ ಅವರು ಸರಿಯಾಗಿ ಹೇಳಿದರು. ಮುಧೋಳ ನಾಯಿಗೆ ಮೊಲ ಮರೆಯಾದರೆ ಆಟ ಮುಗಿಯಿತು. ಈ ನಾಯಿಗೆ ಆಟ ಶುರುವಾಗುವುದೇ ಆವಾಗ. ಮೊಲ ಹೋಗಿ ಎಷ್ಟೋ ಹೊತ್ತಾಗಿರುತ್ತದೆ, ಇವಳು ಮಾತ್ರ ಮೂಗು ನೆಲಕ್ಕಿಟ್ಟು ಅದೇ ದಾರಿಯಲ್ಲಿ ಹೊರಟಿರುತ್ತಾಳೆ. ಓಟ ನಿಧಾನ, ಆದರೆ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ನೀವು ಎಷ್ಟು ಕೂಗಿದರೂ ತಲೆಗೆ ಹೋಗುವುದಿಲ್ಲ. ಹಟಮಾರಿ ಅಂತ ಬೈಯಬೇಡಿ. ಬೇಟೆಗಾರ ಹೇಳುವ ತನಕ ಕಾಯದೆ ತಾನೇ ಜಾಡು ಹಿಡಿಯಲಿ ಅಂತಲೇ ಬೆಳೆಸಿದ ಜಾತಿ ಇದು. ತಿಕೋಟಾದ ಬಯಲಿನಲ್ಲಿ ಬಿಟ್ಟರೆ ಪಡ ದಾಟುತ್ತದೆ, ಪಕ್ಕದವರ ತೊಗರಿ ಹೊಲ ದಾಟುತ್ತದೆ, ಡಾಂಬರು ರಸ್ತೆಗೆ ಬಂದರೂ ತಲೆ ಎತ್ತಿ ಲಾರಿ ನೋಡುವುದಿಲ್ಲ. ನನಗೆ ಹೆದರಿಕೆ ಇರುವುದು ಆ ರಸ್ತೆಯದೇ. ಇನ್ನೊಂದು, ಮೊಲ ಹಿಡಿದರೆ 1972ರ ವನ್ಯಜೀವಿ ಕಾಯ್ದೆ ಇದೆ. ನಾಯಿ ಹಿಡಿಯಿತು ಅಂದರೂ ಕೇಳುವುದು ನಿಮ್ಮನ್ನೇ.

ಹಾಗಂತ ಕಟ್ಟಿಹಾಕಿ ಸಾಕಿದರೆ ಅದಕ್ಕೆ ಹುಚ್ಚು ಹಿಡಿದಂತಾಗುತ್ತದೆ. ಮೂಗಿಗೆ ಕೆಲಸ ಬೇಕು. ಹತ್ತು ಮೀಟರ್ ಉದ್ದದ ಹಗ್ಗ ತೊಗೊಳ್ಳಿ. ಕೊರಳ ಪಟ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಪಡದ ಸಾಲಿನ ನಡುವೆ ಅದು ಎಳೆದ ಕಡೆ ನೀವು ಹೋಗಿ. ಅವಸರ ಮಾಡಬೇಡಿ. ಒಂದೇ ಬದುವನ್ನು ಕಾಲು ಗಂಟೆ ಮೂಸುತ್ತದೆ, ಮೂಸಲಿ. ನಾನು ಮಾಡುವುದು ಇನ್ನೊಂದಿದೆ. ಕೋಳಿಯ ಒಂದು ತುಂಡನ್ನು ದಾರಕ್ಕೆ ಕಟ್ಟಿ ಹಿತ್ತಲಲ್ಲಿ ಅಡ್ಡಾದಿಡ್ಡಿ ಎಳೆದು, ಕೊನೆಗೆ ಎಲ್ಲೋ ಬಚ್ಚಿಡುತ್ತೇನೆ. ಅರ್ಧ ಗಂಟೆಯ ಮೇಲೆ ರೋಜ್‌ಳನ್ನು ಬಿಡುತ್ತೇನೆ. ಅದನ್ನು ಹುಡುಕಿ ತಿಂದಳು ಅಂದರೆ ಮಧ್ಯಾಹ್ನದವರೆಗೂ ಮನೆಯಲ್ಲಿ ಸದ್ದಿರುವುದಿಲ್ಲ. ಸುಮ್ನೆ ವಾಕಿಂಗ್ ಕರೆದುಕೊಂಡು ಹೋದ ದಿನ ಅಷ್ಟು ದಣಿಯುವುದಿಲ್ಲ.

ಊಳಿಡುವ ವಿಷಯ. ಅದು ರೋಗವಲ್ಲ, ಕೆಟ್ಟ ಚಾಳಿಯೂ ಅಲ್ಲ. ಪೊದೆಯೊಳಗೆ ನಾಯಿ ಎಲ್ಲಿದೆ ಅಂತ ಬೇಟೆಗಾರನಿಗೆ ಗೊತ್ತಾಗಬೇಕಲ್ಲ, ಅದಕ್ಕೇ ಅಂಥ ದನಿ. ಅಲ್ಲಿನ ಅಜ್ಜ ಅಂಗಳದಲ್ಲಿ ಕೂತು ದನಿ ಕೇಳಿಯೇ ಯಾವ ನಾಯಿ, ಈಗ ಮೊಲದ ಹಿಂದಿದೆಯೋ ಸುಮ್ನೆ ಮೂಸುತ್ತಿದೆಯೋ ಅಂತ ಹೇಳುತ್ತಿದ್ದರು. ಆದರೆ ಫ್ಲ್ಯಾಟ್‌ನಲ್ಲಿ ಊಳಿಟ್ಟಿದ್ದು ಒಂಟಿತನಕ್ಕೆ. ಹಿಂಡಿನಲ್ಲಿ ಇದ್ದು ಬಂದ ಜಾತಿ, ದಿನವಿಡೀ ಒಬ್ಬಂಟಿ ಇರಲಾರದು. ತೋಟದ ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತೀರಿ ಅಲ್ವಾ, ಹಾಗಾಗಿ ನಿಮ್ಮಲ್ಲಿ ಅದು ಕಡಿಮೆಯಾಗುತ್ತದೆ ಅಂತ ನನ್ನ ಅಂದಾಜು.

ಕಿವಿಗೆ ಬರುತ್ತೇನೆ, ಇದು ಮುಖ್ಯ. ಮುಂದಕ್ಕೆ ಎಳೆದರೆ ಮೂಗಿನ ತುದಿ ಮುಟ್ಟುವಷ್ಟು ಉದ್ದದ ಕಿವಿ. ಒಳಗೆ ಗಾಳಿ ಆಡುವುದಿಲ್ಲ, ಒದ್ದೆ ಬಟ್ಟೆ ಮಡಚಿ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ. ಬೆಳಗಾವಿ ಮಳೆಗಾಲದಲ್ಲಿ ನನಗೆ ಇದೇ ದೊಡ್ಡ ಕೆಲಸ. ನಿಮ್ಮ ಕಡೆ ತೇವ ಕಡಿಮೆ, ಆದರೆ ಧೂಳು ಜಾಸ್ತಿ, ಒಣ ಹುಲ್ಲಿನ ಚೂಪು ಬೀಜ ಜಾಸ್ತಿ. ಆ ಬೀಜ ಕಿವಿಯೊಳಗೆ ಹೋದರೆ ಒಳಗೊಳಗೇ ಇಳಿಯುತ್ತದೆ. ಹೊಲದಿಂದ ಬಂದ ಕೂಡಲೇ ಕಿವಿ ಮಗುಚಿ ನೋಡಿ. ವಾರಕ್ಕೊಮ್ಮೆ ಡಾಕ್ಟರು ಕೊಟ್ಟ ಕಿವಿ ತೊಳೆಯುವ ದ್ರಾವಣ ಹಾಕಿ, ಹತ್ತಿಯಿಂದ ಕಣ್ಣಿಗೆ ಕಾಣುವಷ್ಟೇ ಒರೆಸಿ. ಕಡ್ಡಿ ಹಾಕಬೇಡಿ. ನಮ್ಮ ಮಂದಿ ಕೊಬ್ಬರಿ ಎಣ್ಣೆ ಬಿಡಲು ಹೇಳುತ್ತಾರೆ, ಅದೂ ಬೇಡ. ಹುಳಿ ವಾಸನೆ ಬಂದರೆ, ತಲೆ ಒಂದೇ ಸಮ ಕೊಡವಿದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಊಟಕ್ಕೆ ಅಗಲದ ತಾಟು ಇಡಬೇಡಿ, ಕಿವಿ ಎರಡೂ ಸಾರಿನಲ್ಲಿ ಅದ್ದಿರುತ್ತವೆ. ಬಾಯಿ ಸಣ್ಣದಿರುವ ಆಳದ ಪಾತ್ರೆ ಇಟ್ಟರೆ ಕಿವಿ ಹೊರಗೆ ಬೀಳುತ್ತವೆ.

ರೊಟ್ಟಿ ಹಾಲು ಒಂದೇ ಸಾಲದು. ಜೋಳದ ರೊಟ್ಟಿ ಇರಲಿ, ಜೊತೆಗೆ ಮೊಟ್ಟೆ ಅಥವಾ ಬೇಯಿಸಿದ ಕೋಳಿ ಬೇಕು. ನಿಮ್ಮ ಮನೆಯ ಪಲ್ಯ, ಸಾರು ಹಾಕಬೇಡಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ನಾಯಿಗೆ ವಿಷ. (ಆಯಿ ಇಟ್ಟ ಹೆಸರು ಕೇಳಿ ನಕ್ಕಿದ್ದು ಅದಕ್ಕೇ.) ಒಂದೇ ಸಲ ಹೊಟ್ಟೆ ತುಂಬಾ ಹಾಕದೆ ಎರಡು ಮೂರು ಸಲ ಮಾಡಿ. ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಇದೆ, ಈ ಜಾತಿಗೂ ಅದರ ಭಯ ಇದೆ. ವಾಂತಿ ಮಾಡಲು ಹೆಣಗುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಾಗುತ್ತದೆ. ಅದು ರಾತ್ರಿಯಾದರೂ ಸರಿ, ಬೆಳಗಿನ ತನಕ ಕಾಯುವ ಕಾಯಿಲೆಯಲ್ಲ. ಇನ್ನು ಇದು ತಿನ್ನುವುದಕ್ಕೆ ಇಲ್ಲ ಅನ್ನುವುದಿಲ್ಲ. ಮೈ ಬಂದರೆ ಉದ್ದ ಬೆನ್ನಿಗೆ ಭಾರ. ಮುಂಗಾಲು ಹಿಡಿದು ಎತ್ತಬೇಡಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ. ಟ್ರ್ಯಾಕ್ಟರ್ ಟ್ರೇಲರಿನಿಂದ ಜಿಗಿಯಲು ಬಿಡಬೇಡಿ.

ಬೇಸಿಗೆ? ತುಲೂಸ್‌ನಲ್ಲೂ ಕೆಲವು ವರ್ಷ 40 ಡಿಗ್ರಿ ಮುಟ್ಟುತ್ತದೆ, ಆದರೆ ಅದು ಕೆಲವು ದಿನದ ಮಾತು. ನಿಮ್ಮಲ್ಲಿ ಮಾರ್ಚ್‌ನಿಂದ ಮೇ ಮುಗಿಯುವವರೆಗೂ ಅದೇ ಕಥೆ. ಕಾಲು ಗಿಡ್ಡ ಇರುವುದರಿಂದ ಹೊಟ್ಟೆ ಕಾದ ನೆಲಕ್ಕೆ ತೀರಾ ಹತ್ತಿರ. ಬೆಳಗ್ಗೆ ಏಳರೊಳಗೆ ತಿರುಗಾಟ ಮುಗಿಸಿ, ಮತ್ತೆ ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ಮಣ್ಣಿನ ಮಾಳಿಗೆಯ ಹಳೇ ಕೋಣೆ ಇದ್ದರೆ ಅದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ, ತಗಡಿನ ಶೆಡ್ಡು ಮಾತ್ರ ಬೇಡ.

ಪಡದಮನಿ_ತಿಕೋಟಾ:

ಅಕ್ಕಾರೆ, ಎಷ್ಟು ಬಿಡಿಸಿ ಹೇಳಿದಿರಿ! ಅಣ್ಣನನ್ನು ಕೇಳಿದೆ, 2023ರ ಹುಟ್ಟೇ. ಅವನೇ ಅಕ್ಷರದ ಲೆಕ್ಕ ಹೇಳಿ ನಕ್ಕ.

ಅಪ್ಪಾಜಿಗೆ ಎಲ್ಲ ಓದಿ ಹೇಳಿದೆ. ಬಿಡುವುದಿಲ್ಲ ಅಂತ ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. ಈಗ ಇನ್ನೊಂದು ಚಿಂತೆ. ನಮ್ಮದು ಒಣದ್ರಾಕ್ಷಿ ಮಾಡುವ ಪಡ. ಫೆಬ್ರವರಿಯಿಂದ ಶೆಡ್ಡಿನ ಜಾಳಿಗೆಯ ಮೇಲೆ ಹಣ್ಣು ಹರಡಿರುತ್ತೇವೆ, ಕೆಳಗೆ ಸಾಕಷ್ಟು ಬಿದ್ದಿರುತ್ತದೆ. ನಾಯಿಗೆ ದ್ರಾಕ್ಷಿ ಆಗಿಬರುವುದಿಲ್ಲ ಅಂತ ಎಲ್ಲೋ ಕೇಳಿದ್ದೆ. ಆದರೆ ನಮ್ಮ ಹಳೇ ನಾಯಿ ಬಿದ್ದ ಹಣ್ಣು ತಿಂದುಕೊಂಡೇ ಬೆಳೆಯಿತು. ನಿಜವೇನು?

ದನದ_ಡಾಕ್ಟರ್_ವಿಜಯಪುರ:

ನಿಜ. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಬೇಕು.

ದ್ರಾಕ್ಷಿ ತಿಂದು ಕೆಲವು ನಾಯಿಗೆ ಏನೂ ಆಗುವುದಿಲ್ಲ, ಕೆಲವಕ್ಕೆ ಸ್ವಲ್ಪ ತಿಂದರೂ ಕಿಡ್ನಿ ಹೋಗುತ್ತದೆ. ಯಾವ ನಾಯಿ ಯಾವ ಗುಂಪಿನದು ಅಂತ ಮೊದಲೇ ಹೇಳಲು ಬರುವುದಿಲ್ಲ. ನಿಮ್ಮ ಹಳೇ ನಾಯಿ ತಿಂದು ಬದುಕಿತು ಅನ್ನುವುದು ಇದಕ್ಕೆ ಗ್ಯಾರಂಟಿಯಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಅಂತ ಈಚೆಗೆ ಹೇಳುತ್ತಿದ್ದಾರೆ. ಒಣಗಿದ ಮೇಲೆ ನೀರು ಹೋಗಿ ಅದೆಲ್ಲ ಗಟ್ಟಿಯಾಗಿ ಉಳಿಯುತ್ತದೆ, ಹಾಗಾಗಿ ಒಣದ್ರಾಕ್ಷಿ ಇನ್ನೂ ಕೆಟ್ಟದ್ದು. ತಿಂದದ್ದು ಗೊತ್ತಾದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ. ಬೇಗ ಬಂದರೆ ವಾಂತಿ ಮಾಡಿಸಿ, ಸಲೈನ್ ಹಚ್ಚಿ ಉಳಿಸಬಹುದು. ಒಂದೆರಡು ದಿನ ಬಿಟ್ಟು ಮೂತ್ರ ನಿಂತ ಮೇಲೆ ತಂದರೆ ನಮ್ಮ ಕೈಯಲ್ಲೂ ಜಾಸ್ತಿ ಉಳಿದಿರುವುದಿಲ್ಲ. ಮನೆಯಲ್ಲಿ ಉಪ್ಪು ನೀರು ಕುಡಿಸಬೇಡಿ.

ಉಳಿದದ್ದು ಚುಟುಕಾಗಿ ಹೇಳುತ್ತೇನೆ. ಉಣ್ಣಿ ನಮ್ಮ ಕಡೆ ವರ್ಷವಿಡೀ. ಅದರಿಂದ ಎರ್ಲಿಕಿಯಾ, ಬೆಬೆಸಿಯಾ ಅನ್ನುವ ರಕ್ತದ ರೋಗಗಳು ಬರುತ್ತವೆ. ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಕಿವಿಯ ಮಡಿಕೆ, ಬೆರಳ ಸಂದು ದಿನಾ ನೋಡಿ. ತಿಂಗಳ ಉಣ್ಣಿ ಔಷಧಿ ತಪ್ಪಿಸಬೇಡಿ. ದನಕ್ಕೆ ಹೊಡೆಯುವ ಔಷಧಿಯನ್ನು ಅಂದಾಜಿಗೆ ನೀರು ಬೆರೆಸಿ ನಾಯಿಗೆ ಹಚ್ಚಬೇಡಿ, ಅದರಿಂದ ಸತ್ತ ನಾಯಿಗಳನ್ನು ಕಂಡಿದ್ದೇನೆ. ರೇಬಿಸ್ ಲಸಿಕೆ ವರ್ಷಕ್ಕೊಮ್ಮೆ. ಶೆಡ್ಡಿನಲ್ಲಿ ಇಲಿ ಇದ್ದೇ ಇರುತ್ತವೆ, ಹಾಗಾಗಿ ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್ ರೋಗದ ಲಸಿಕೆಯೂ ಬೇಕು. ಇಲಿ ಪಾಷಾಣ ಇಡುವ ಪದ್ಧತಿ ಇದ್ದರೆ ನಾಯಿ ಬರುವ ಮೊದಲೇ ತೆಗೆಯಿರಿ. ಇಂಥ ಮೂಗಿನ ನಾಯಿ ಅದನ್ನು ಹುಡುಕದೆ ಬಿಡುವುದಿಲ್ಲ.

ಫ್ರಾನ್ಸಿನ ದಕ್ಷಿಣದಿಂದ ಬಂದಿದೆ ಅಂದಿರಿ. ಆ ಭಾಗದಲ್ಲಿ ಮರಳು ನೊಣದಿಂದ ಹರಡುವ ಲೀಶ್ಮೇನಿಯಾ ಅನ್ನುವ ರೋಗವಿದೆ. ಮೈಯಲ್ಲಿ ವರ್ಷಗಟ್ಟಲೆ ಅಡಗಿ ಕೂರಬಹುದು. ಮೈ ಇಳಿಯುವುದು, ಚರ್ಮ ಹೊಟ್ಟು ಉದುರುವುದು, ಮೂಗಿನಿಂದ ರಕ್ತ, ಉಗುರು ವಿಪರೀತ ಬೆಳೆಯುವುದು ಇದ್ದರೆ ನಮ್ಮಲ್ಲಿ ಯಾರಿಗೂ ತಕ್ಷಣ ಅದರ ನೆನಪಾಗುವುದಿಲ್ಲ. ನೀವೇ ಡಾಕ್ಟರಿಗೆ 'ಇದು ಫ್ರಾನ್ಸಿನಿಂದ ಬಂದ ನಾಯಿ' ಅಂತ ಮೊದಲೇ ಹೇಳಿ. ಈಗಲೇ ಒಂದು ಸಲ ಪರೀಕ್ಷೆ ಮಾಡಿಸಿದರೂ ಒಳ್ಳೆಯದು.

ಹಾವಿನದು ಹೇಳಲೇಬೇಕು. ಬಿಲ, ಕಲ್ಲುಸಂದಿಗೆಲ್ಲ ಮೂಗು ಹಾಕುವ ನಾಯಿಗೆ ಕಚ್ಚುವುದು ಮುಖಕ್ಕೇ. ಮುಖ ಊದಿದರೆ ಕೊಯ್ಯುವುದು, ಕಟ್ಟುವುದು, ನಾಟಿ ಔಷಧಿ ಅಂತ ಹೊತ್ತು ಕಳೆಯದೆ ಎತ್ತಿಕೊಂಡು ಬನ್ನಿ. ನಡೆಸಬೇಡಿ.

ಅಣ್ಣ ಮತ್ತೆ ಫ್ರಾನ್ಸಿಗೆ ಹೋಗುವ ಸಾಧ್ಯತೆ ಇದ್ದರೆ ಇನ್ನೊಂದು ಮಾತು. ಭಾರತದಿಂದ ಯುರೋಪಿಗೆ ನಾಯಿ ಒಯ್ಯಲು ರೇಬಿಸ್ ಪ್ರತಿಕಾಯದ ರಕ್ತ ಪರೀಕ್ಷೆ ಬೇಕು, ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ಇರಬೇಕು, ಆಮೇಲೆ ಮೂರು ತಿಂಗಳು ಕಾಯಬೇಕು. ಅಲ್ಲಿಂದ ಹೊರಡುವ ಮೊದಲೇ ಆ ಪರೀಕ್ಷೆ ಮಾಡಿಸಿ ಪಾಸ್‌ಪೋರ್ಟಿನಲ್ಲಿ ಬರೆಸಿದ್ದರೆ, ಲಸಿಕೆಯೂ ತಪ್ಪದಿದ್ದರೆ, ಕಾಯುವುದು ತಪ್ಪುತ್ತದೆ. ನಾಯಿಯ ಪಾಸ್‌ಪೋರ್ಟ್ ತೆಗೆದು ನೋಡಲು ಹೇಳಿ.

ಟಿಳಕವಾಡಿ_ಅಕ್ಕ:

ಡಾಕ್ಟರ್ ಸಾಹೇಬರು ಹೇಳಿದ ಮೇಲೆ ದ್ರಾಕ್ಷಿಯ ಬಗ್ಗೆ ನಾನು ಸೇರಿಸುವುದು ಸ್ವಲ್ಪ. ಗಾಸ್ಕೋನಿನಲ್ಲೂ ಎತ್ತ ನೋಡಿದರೂ ದ್ರಾಕ್ಷಿಯೇ. ಪಕ್ಕದ ಮನೆಯ ಅಜ್ಜ ಕೊಯ್ಲಿನ ಕಾಲಕ್ಕೆ ನಾಯಿಗಳನ್ನು ತೋಟದ ಆ ಬದಿಗೇ ಬಿಡುತ್ತಿರಲಿಲ್ಲ. ನೀವೂ ಶೆಡ್ಡಿಗೆ ಕೆಳಗಿನಿಂದಲೇ ಜಾಲರಿ ಕಟ್ಟಿ, ಒಳಗೆ ಹೋಗಿ ಬರುವ ಆಳುಗಳಿಗೂ ಬಾಗಿಲು ಹಾಕಲು ಹೇಳಿ. ಹಣ್ಣು ಅದ್ದುವ ಡಿಪ್ಪಿಂಗ್ ಎಣ್ಣೆಯ ತೊಟ್ಟಿಯೂ ಮುಚ್ಚಿರಲಿ.

ಔಷಧಿ ಹೊಡೆದ ದಿನ ಪಡದೊಳಗೆ ಒಯ್ಯಬೇಡಿ. ಮುಧೋಳ ನಾಯಿ ಎತ್ತರ, ಹೆಚ್ಚೆಂದರೆ ಕಾಲು ಒದ್ದೆಯಾಗುತ್ತದೆ. ಇದು ಹೊಟ್ಟೆಯಿಂದಲೇ ಹುಲ್ಲು ಸವರಿಕೊಂಡು ಹೋಗುತ್ತದೆ, ಕಿವಿಯೂ ನೆಲ ಒರೆಸುತ್ತದೆ, ಆಮೇಲೆ ಕೂತು ನೆಕ್ಕಿಕೊಳ್ಳುತ್ತದೆ. ಬೋರ್ಡೋ ದ್ರಾವಣವೂ ಅಷ್ಟೇ, ಅದರಲ್ಲಿ ಮೈಲುತುತ್ತ ಇದೆಯಲ್ಲ. ಬೋರ್ಡೋ ಇದರ ತವರಿನ ನೆರೆಯೂರು ಅಂತ ಅದೇನು ರಿಯಾಯಿತಿ ಕೊಡುವುದಿಲ್ಲ. ಹೊರಗಿಂದ ಬಂದ ಮೇಲೆ ಹೊಟ್ಟೆ, ಪಾದ, ಕಿವಿಯ ತುದಿ ನೀರಿನಲ್ಲಿ ಒರೆಸುವ ರೂಢಿ ಇಟ್ಟುಕೊಳ್ಳಿ.

ಅಪ್ಪಾಜಿಯವರ ಕಾವಲಿನ ಆಸೆ ಬಗ್ಗೆ. ಯಾರಾದರೂ ಬಂದರೆ ಊರಿಗೆಲ್ಲ ಕೇಳುವ ಹಾಗೆ ಸುದ್ದಿ ಕೊಡುತ್ತದೆ, ಅದು ನಿಜ. ಬಂದವನ ಕಿಸೆಯಲ್ಲಿ ಚಕ್ಕುಲಿ ಇದ್ದರೆ ಆಮೇಲೆ ಅವನ ಹಿಂದೆಯೇ ನಡೆಯುತ್ತದೆ. ಕಚ್ಚುವ ಸ್ವಭಾವವೇ ಅಲ್ಲ. ಹಿಂಡಿನಲ್ಲಿ ಜಗಳವಾಡುವ ನಾಯಿಯನ್ನು ಬೇಟೆಗಾರರು ಇಟ್ಟುಕೊಳ್ಳುತ್ತಿರಲಿಲ್ಲ. ಆಯಿ, ಸಣ್ಣ ಮಕ್ಕಳ ಜೊತೆ ಚಿಂತೆಯಿಲ್ಲ. ಕೋಳಿ ಸಾಕಿದ್ದರೆ ಮಾತ್ರ ಬೇರೆ ಇಡಿ.

ಪಡದಮನಿ_ತಿಕೋಟಾ:

ಕೋಳಿ ಇವೆ ರೀ, ಅವ್ವನವು. ಗೂಡು ಭದ್ರ ಮಾಡಿಸುತ್ತೇನೆ. ಪಾಸ್‌ಪೋರ್ಟ್ ತೆಗೆದು ನೋಡಲು ಅಣ್ಣನಿಗೆ ಹೇಳಿದ್ದೇನೆ. ನಮ್ಮ ಹಿತ್ತಲಿಗೆ ಸದ್ಯ ಮುಳ್ಳುಕಂಟಿ ಬೇಲಿ ಅಷ್ಟೇ ಇದೆ. ತಂತಿ ಹಾಕಿಸಬೇಕಾ?

ಕರವಾನಿ_ಲೋಕಾಪುರ:

ಮುಳ್ಳುಕಂಟಿ ಇಂಥ ನಾಯಿಗೆ ಬೇಲಿಯೇ ಅಲ್ಲ, ಕೆಳಗೆ ನುಸುಳುತ್ತದೆ. ನಮ್ಮ ನಾಯಿಗಾದರೆ ಎತ್ತರ ನೋಡಬೇಕು, ನಿಮ್ಮದಕ್ಕೆ ಬುಡ ನೋಡಬೇಕು. ಚೈನ್‌ಲಿಂಕ್ ಜಾಲರಿ ತೊಗೊಳ್ಳಿ. ನಾಲ್ಕು ಅಡಿ ಎತ್ತರ ಸಾಕು. ಕೆಳಗೆ ಒಂದು ಅಡಿ ಮಣ್ಣಿನಲ್ಲಿ ಹೂಳಿ, ಅಂಚನ್ನು ಒಳಮುಖವಾಗಿ ಮಡಚಿ, ಮೇಲೆ ಕಲ್ಲು ಪೇರಿಸಿ. ಕಪ್ಪು ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಬಿರುಕಿನಲ್ಲಿ ಕಾಲು ಹಾಕಿ ಕೆದರಲು ಅದಕ್ಕೆ ಸಲೀಸು. ಹಾಗಾಗಿ ಕಲ್ಲು ಬಿಡಬೇಡಿ. ಗೇಟಿನ ಕೆಳಗಿನ ಸಂದಿಗೆ ಒಂದು ಫರ್ಸಿ ಹಾಸಿಬಿಡಿ. ಇಡೀ ತೋಟಕ್ಕೆ ಬೇಡ, ಮನೆಯ ಹಿಂದೆ ಹತ್ತು ಗುಂಟೆಗೆ ಹಾಕಿಸಿದರೆ ಸಾಕಾಗುತ್ತದೆ. ಕೆಲಸ ನಾಯಿ ಬರುವ ಮೊದಲು ಮುಗಿಸಿ. ಬಂದ ಮೇಲೆ ಶುರು ಮಾಡಿದರೆ ನೀವು ಗುಂಡಿ ತೋಡಿದಲ್ಲೆಲ್ಲ ಅದೂ ತೋಡುತ್ತದೆ.